ನಮ್ಮವರ ಅಂಗೈ ಜಡ್ಡು

ನಮ್ಮ ಯಜಮಾನರ ಬಲಗೈ ನೋಡಿ ಮೋಸ ಹೋಗದವರು ದೊಡ್ಡಬಳ್ಳಾಪುರದಲ್ಲಿ ಯಾರೂ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಮೋಸ ಹೋಗೋರು, ಉರಿದುಕೊಳ್ಳೋಳು ಮಾತ್ರ ನಾನು. ಈಗ ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತೆ.

೧. ಹೆಣ್ಣು ನೋಡೋಕೆ ಬಂದಾಗ

ಅರವತ್ತರ ದಶಕ. ಜಡಿಗೇನಹಳ್ಳಿಯ ನಮ್ಮ ಮನೆಗೆ ಗಂಡಿನ ಕಡೆಯವರು ಬಂದರು. ಹುಡುಗ ಗುಮಾಸ್ತ ಅಂತ ನಮ್ಮಪ್ಪನಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಹೊರಡುವಾಗ ಹುಡುಗನ ಕೈ ಹಿಡಿದರು. ಅಂಗೈ ತುಂಬ ಜಡ್ಡು!

"ಏನಪ್ಪಾ, ಕೆಲಸ ಸಿಕ್ಕಿದ್ರೂ ಹೊಲ ಬಿಟ್ಟಿಲ್ಲ ಅನ್ಸುತ್ತೆ?"

ಹುಡುಗ ಬಾಯಿ ತೆರೆಯೋಷ್ಟರಲ್ಲಿ ಅವರ ಸೋದರಮಾವ, "ಒಂದಿನಾನೂ ಬಿಟ್ಟಿಲ್ಲ ಗೌಡ್ರೇ. ಸಂಜೆ ಆಯ್ತು ಅಂದ್ರೆ ಹೊರಟ್ಬಿಡ್ತಾನೆ" ಅಂದರು.

ಎಲ್ಲಿಗೆ ಅಂತ ಅಪ್ಪ ಕೇಳಲಿಲ್ಲ. ಬಾಲ್ ಬ್ಯಾಡ್ಮಿಂಟನ್ ಆಡೋಕೆ! ಜಡ್ಡೆಲ್ಲ ಬ್ಯಾಟು ಹಿಡಿದು ಹಿಡಿದು ಬಂದಿದ್ದು. ನನಗೆ ಗೊತ್ತಾಗಿದ್ದು ಮದುವೆಯಾದ ಮೂರನೇ ದಿನ.

೨. ಪಕ್ಕದ ಮನೆ ಅಜ್ಜಿ

ದೊಡ್ಡಬಳ್ಳಾಪುರದ ನಮ್ಮ ಮನೆ ಹಿತ್ತಲಲ್ಲಿ ಸೇದೋ ಬಾವಿ. ಮನೆಗೆ ಬೇಕಾದ ನೀರೆಲ್ಲ ನಾನೇ ಸೇದಬೇಕು. "ನೀವೂ ಎರಡು ಬಕೆಟ್ಟು ಸೇದ್ರಿ" ಅಂದರೆ, "ನನ್ ಕೈ ಹೆಂಗಾಗಿದೆ ನೋಡೇ" ಅಂತ ಅಂಗೈ ಚಾಚೋರು.

ಬೇಲಿ ಆಚೆಯಿಂದ ಪಕ್ಕದ ಮನೆ ಅಜ್ಜಿ, "ಅಯ್ಯೋ ಪಾಪ, ಎಷ್ಟು ದುಡೀತಾನೆ ಮಗ!" ಅನ್ನೋರು.

ಹಗ್ಗ ಉಜ್ಜಿ ನನ್ನ ಕೈ ಬೊಬ್ಬೆ ಎದ್ದಿತ್ತು. "ನಂದೂ ನೋಡಿ ಅಜ್ಜಿ" ಅಂದೆ.

"ಹೊಸದ್ರಲ್ಲಿ ಹಂಗೇ ಕಣಮ್ಮ, ಅಭ್ಯಾಸ ಆಗುತ್ತೆ" ಅಂದುಬಿಟ್ಟರು.

೩. ಡಾಕ್ಟರು

ಒಂದು ಸಲ ನಮ್ಮವರ ಜಡ್ಡು ಬಿರಿದು ರಕ್ತ ಬಂತು. ನನ್ನ ಬೊಬ್ಬೆಯನ್ನೂ ತೋರಿಸೋಣ ಅಂತ ಜೊತೆಗೆ ಹೋದೆ.

ಡಾಕ್ಟರು, "ಸ್ವಲ್ಪ ದಿನ ಗುದ್ದಲಿ ಮುಟ್ಟಬೇಡಪ್ಪ" ಅಂದರು.

"ನಾನು ಗುಮಾಸ್ತ, ಸಾರ್."

"ಬರೆದು ಬರೆದು ಹಿಂಗಾಯ್ತಾ? ನಿಮ್ಮಂಥ ಗುಮಾಸ್ತರನ್ನ ನಾನು ನೋಡೇ ಇಲ್ಲ!"

ನನಗೆ ತಡೆಯಲಾಗಲಿಲ್ಲ. "ಅದು ಬ್ಯಾಟಿಂದ ಬಂದಿದ್ದು ಡಾಕ್ಟ್ರೇ" ಅಂದೆ. ಬೈತಾರೆ ಅಂದುಕೊಂಡಿದ್ದೆ. ಆ ಮನುಷ್ಯನ ಮುಖ ಅರಳಿಬಿಡ್ತು. "ಹೌದಾ! ಮುಂದೆ ಆಡ್ತೀರೋ, ಹಿಂದೆಯೋ?" ಅರ್ಧ ಗಂಟೆ ಇಬ್ಬರೂ ಆಟದ ಮಾತೇ. ಅವರಿಗೆ ಮುಲಾಮು ಬರೆದುಕೊಟ್ಟರು. ನಾನು ಚಾಚಿದ ಕೈ ಚಾಚಿದ ಹಾಗೇ ಇತ್ತು.

೪. ಪಂದ್ಯದ ದಿನ

ಒಂದು ಭಾನುವಾರ ನನ್ನ ಬೊಬ್ಬೆ ಒಡೆದಿತ್ತು. ಹಗ್ಗ ಮುಟ್ಟಿದರೆ ಜೀವ ಹೋಗೋದು. "ಇವತ್ತೊಂದಿನ ನೀರು ಸೇದಿಕೊಟ್ಟು ಹೋಗಿ" ಅಂತ ಬೇಡಿಕೊಂಡೆ.

"ಇವತ್ತು ಪಂದ್ಯ ಕಣೇ, ಕೈ ಹಿಡಿತ ಹೋಗುತ್ತೆ" ಅಂತ ಸ್ನಾನಕ್ಕೆ ಹೋದರು. ನಾನು ಸೇದಿಟ್ಟ ನೀರಲ್ಲಿ! ಸಿಟ್ಟು ನೆತ್ತಿಗೇರಿತು. ಗೋಡೆ ಮೇಲಿದ್ದ ಬ್ಯಾಟು ತೆಗೆದು ಬಾವಿಗೆ ಹಾಕಿಬಿಟ್ಟೆ.

"ಬ್ಯಾಟೆಲ್ಲೇ?"

"ಬಾವೀಲಿ ತೇಲ್ತಾ ಇದೆ. ಹಗ್ಗ ಅಲ್ಲೇ ಇದೆ, ಸೇದ್ಕೊಳ್ಳಿ."

ಕೂಗಾಡಿದರು, ಹಾರಾಡಿದರು, ಕೊನೆಗೆ ಬಕೆಟ್ಟು ಇಳಿಬಿಟ್ಟರು. ಬಕೆಟ್ಟು ತಗಲಿದರೆ ಸಾಕು, ಬ್ಯಾಟು ಆ ಕಡೆ ಸರಿಯೋದು. ಪ್ರತಿ ಸಲ ಮೇಲೆ ಬರೋದು ಬರೀ ನೀರು. ನಾನು ಬಿಡ್ತೀನಾ? "ಚೆಲ್ಲಬೇಡಿ, ಇಲ್ಲಿ ಹುಯ್ಯಿರಿ" ಅಂತ ಹಂಡೆ ತೋರಿಸಿದೆ. ಅದು ತುಂಬಿತು. ಬಿಂದಿಗೆಗಳನ್ನ ಸಾಲಾಗಿ ಇಟ್ಟೆ, ಅವೂ ತುಂಬಿದವು. ಬ್ಯಾಟು ಸಿಕ್ಕೋ ಹೊತ್ತಿಗೆ ಬಟ್ಟೆ ಒಗೆಯೋ ತೊಟ್ಟಿಯೂ ತುಂಬಿತ್ತು.

ಅಜ್ಜಿ ಬೇಲಿ ಮೇಲಿಂದ ಇಣುಕಿದರು. "ಅಯ್ಯೋ ಪಾಪ, ಎಷ್ಟು ದುಡೀತಾನೆ ಮಗ!"

"ಹೂಂ ಅಜ್ಜಿ," ಅಂದೆ, "ಇವತ್ತು ನಿಜವಾಗ್ಲೂ ದುಡೀತಾವ್ರೆ."