ಸೋಲಾರ್ ಮನೆಯಲ್ಲಿ ನಿಂತ ಮಗ್ಗ

ಇಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳದೆ ಯಾವುದನ್ನೂ ನಂಬಬಾರದು. ಪತ್ರಿಕೆಯ ಕೆಲಸ ನನಗೆ ಕಲಿಸಿದ ಮೊದಲ ಪಾಠ ಇದು. ಬನಹಟ್ಟಿಯ ನಮ್ಮ ಮನೆಯ ಚಾವಣಿಗೆ ಸೋಲಾರ್ ಫಲಕ ಹಾಕಿಸಿದಾಗಲೂ ಈ ಶಿಸ್ತನ್ನು ಬಿಡಲಿಲ್ಲ. ‘ಇನ್ನು ಊರಿನ ಕರೆಂಟ್ ಹೋದರೂ ಹಗಲಿನಲ್ಲಿ ನಮ್ಮ ಮನೆಯದು ಹೋಗುವುದಿಲ್ಲ, ಹೌದಲ್ಲ?’ ಎಂದು ಇಬ್ಬರು ಬಲ್ಲವರನ್ನು ವಿಚಾರಿಸಿದೆ. ಇಬ್ಬರೂ ಹೌದೆಂದರು. ಇಬ್ಬರಿಗೂ ಆ ಜ್ಞಾನ ಬಂದದ್ದು ನಾನೇ ಉತ್ಸಾಹದಲ್ಲಿ ಬರೆದಿದ್ದ ಲೇಖನದಿಂದ ಎಂಬುದು ತಡವಾಗಿ ತಿಳಿಯಿತು!

ನನ್ನ ಹೆಂಡತಿ ಶಕುಂತಲಾ ನೇಕಾರರ ಮಗಳು. ಪಡಸಾಲೆಯಲ್ಲಿ ಅವಳದೊಂದು ವಿದ್ಯುತ್ ಮಗ್ಗವಿದೆ. ಜಮಖಂಡಿಯಲ್ಲಿ ಅವಳ ಅಕ್ಕನ ಮಗಳಿಗೆ ಕುಬಸದ, ಅಂದರೆ ಸೀಮಂತದ, ಕಾರ್ಯವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಬೇಕು. ಅದು ಚಿಕ್ಕಮ್ಮನ ಮಗ್ಗದಿಂದಲೇ ಇಳಿದಿರಬೇಕು ಎಂಬುದು ಶಕುಂತಲೆಯ ಹಟ. ತಾಯಿಯಿಲ್ಲದ ಹುಡುಗಿ, ಇವಳೇ ಎತ್ತಿ ಆಡಿಸಿದವಳು. ಸೀರೆ ಮುಗಿಯಲು ಸೆರಗಿನ ತುದಿಯಷ್ಟೇ ಬಾಕಿ ಇತ್ತು.

ಅಷ್ಟರಲ್ಲಿ ಪ್ರಕಟಣೆ ಬಂತು. ನಮ್ಮ ಓಣಿಯ ಹಳೆಯ ತಂತಿಗಳನ್ನು ಬದಲಾಯಿಸುವುದರಿಂದ ಮರುದಿನ ಹಗಲೆಲ್ಲ ಕರೆಂಟ್ ಇಲ್ಲ. ಅಂದೇ ಸಂಜೆಯ ಬಸ್ಸಿಗೆ ನಾವು ಜಮಖಂಡಿಗೆ ಹೊರಡಬೇಕಿತ್ತು. ತಂತಿ ಬದಲಾಯಿಸಿ ಎಂದು ಪತ್ರಿಕೆಯಲ್ಲಿ ಬೆನ್ನು ಹತ್ತಿದ್ದವನು ಬೇರೆ ಯಾರೂ ಅಲ್ಲ, ನಾನೇ.

“ಇವತ್ತ ಸಂಜೀ ಒಳಗ ಕುಂತು ಮುಗಿಸಿಬಿಡ್ತೀನ್ರೀ,” ಎಂದಳು ಶಕುಂತಲಾ.

“ಯಾಕ ಗಡಿಬಿಡಿ? ನಾಳೆ ಇಡೀ ಓಣಿ ಸುಮ್ಮನಿದ್ದಾಗ ನಿನ್ನ ಮಗ್ಗ ಒಂದ ಖಡಖಡ ಅನ್ನಬೇಕು. ಮಂದಿ ನೋಡ್ಲಿ!”

“ಮಂದಿ ನೋಡೂದು ಇರ್ಲಿ, ಸೀರಿ ಆಗ್ತೈತೋ ಇಲ್ಲೋ ಹೇಳ್ರಿ.”

“ಆಗ್ತೈತಿ. ವಿಚಾರಿಸೀನಿ.”

ಮರುದಿನ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಮ್ಮದೂ ನಿಂತಿತು!

ಹೊರಗೆ ಹಪ್ಪಳ ಸುಡುವಂಥ ಬಿಸಿಲು. ಫಲಕಕ್ಕೆ ಧೂಳು ಹತ್ತಿರಬೇಕೆಂದು ತೀರ್ಮಾನಿಸಿ ಕೊಡ ಹೊತ್ತು ಮೇಲೇರಿದೆ. ತೊಳೆದ ನೀರೆಲ್ಲ ಪಕ್ಕದ ಮನೆಯ ಗೌರವ್ವ ಒಣಹಾಕಿದ್ದ ಶಾವಿಗೆಯ ಮೇಲೆ ಬಿತ್ತು.

“ಏ ತಮ್ಮಾ, ನಿನ್ನ ಸೋಲಾರ್‌ಗೆ ಜಳಕ ಮಾಡ್ಸೋ ಭರದಾಗ ನನ್ನ ಶಾವಿಗಿ ಪಾಯಸ ಮಾಡಿದೆಲ್ಲೋ!”

ಕ್ಷಮೆ ಕೇಳಲು ತಿರುಗಿದವನು ಕೊಡವನ್ನೂ ಕೈಬಿಟ್ಟೆ. ಅದು ಉಳಿದ ಶಾವಿಗೆಯನ್ನೂ ಹುಡುಕಿಕೊಂಡು ಹೋಯಿತು!

ಕೆಳಗಿಳಿದು, ಫಲಕ ಕೂರಿಸಿದ ಎಂಜಿನಿಯರಿಗೆ ಫೋನ್ ಮಾಡಿ ಗದರಿದೆ. ಆತ ಸಮಾಧಾನದಿಂದ ಹೇಳಿದ:

“ಸರ, ನಿಮ್ಮದು ಲೈನಿಗೆ ಕೂಡಿಸಿದ್ದು, ಬ್ಯಾಟರಿ ಇಲ್ಲರಿ. ಲೈನ್‌ನಾಗ ಕರೆಂಟ್ ಹೋದ್ರ ಅದು ತಾನಾ ಬಂದ್ ಆಗಬೇಕು. ಇಲ್ಲಂದ್ರ ನಿಮ್ಮ ಮನಿ ಕರೆಂಟ್ ತಂತೀಗೆ ಹರದು, ಕಂಬದ ಮ್ಯಾಲಿನ ಮನಷ್ಯಾ ಸಾಯ್ತಾನ. ಅವತ್ತ ಹೇಳೀನ್ರಿ. ನೀವು ಲೇಖನಕ್ಕ ಹೆಸರು ಹುಡುಕಾಕತ್ತಿದ್ರಿ.”

ಕಿಟಕಿಯಿಂದ ನೋಡಿದೆ. ಓಣಿಯ ತಿರುವಿನಲ್ಲಿ ಒಬ್ಬಾತ ಕಂಬಕ್ಕೆ ಕಾಲು ಬಿಗಿದುಕೊಂಡು ಹಳೆಯ ತಂತಿಯನ್ನು ಬಿಚ್ಚುತ್ತಿದ್ದ. ಕೆಳಗಿನ ಮನೆಗಳಲ್ಲಿ ಯಾರು ಏನು ಕೂರಿಸಿದ್ದಾರೋ ಅವನಿಗೇನು ಗೊತ್ತು? ಫೋನನ್ನು ಮೆಲ್ಲಗೆ ಕೆಳಗಿಟ್ಟೆ. ಸ್ವಂತ ಸೂರ್ಯನ ಒಡೆಯನೆಂದು ಬೀಗುತ್ತಿದ್ದ ನಾನು ಅದೇ ತಂತಿಯಿಂದ ಇಡೀ ಓಣಿಗೆ ಕಟ್ಟಿಕೊಂಡವನಾಗಿದ್ದೆ. ಕಂಬದ ಮೇಲಿನವನ ಚಿಂತೆ ನನಗಿರಲಿಲ್ಲ. ಕರೆಂಟ್ ಹೋದೊಡನೆ ತಾನೇ ಬಂದ್ ಆದ, ಗೋಡೆಯ ಮೇಲಿನ ಸೋಲಾರ್ ಪೆಟ್ಟಿಗೆಗೆ ಇತ್ತು.

ಈ ಗಂಭೀರ ವಿಚಾರವನ್ನು ಶಕುಂತಲೆಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅವನ ಜೀವಾ ಉಳೀತು, ಛಲೋ ಆತು. ಸಂಜೀ ಬಸ್ಸಿಗೆ ಹೋಗಬೇಕು. ಸೀರಿ?”

ನಾನು ತಲೆಯೆತ್ತಿ ಚಾವಣಿ ನೋಡಿದೆ.

“ಬರ್ರಿ, ಅಂಗಿ ತಗದು ಚಕ್ರ ಹಿಡೀರಿ.”

ಮಗ್ಗದ ಪಕ್ಕದ ಚಕ್ರವನ್ನು ನಾನು ಕೈಯಿಂದ ತಿರುಗಿಸಬೇಕು. ಎಳೆಗಳು ಬಾಯಿ ತೆರೆದಾಗ ಅವಳು ಲಾಳಿಯನ್ನು ದಾಟಿಸಬೇಕು. ಮೋಟಾರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಕೆಲಸಕ್ಕೆ ನಾನು ಬೆವರಿನ ಸ್ನಾನ ಮಾಡಿದೆ. ಗೌರವ್ವ ಬಾಗಿಲಲ್ಲಿ ನಿಂತು, “ಶಕ್ಕೂ, ನಿನ್ನ ಮೋಟಾರು ಭಾಳ ಏದುಸಿರು ಬಿಡಾಕತ್ತೈತಿ, ಒಂಚೂರು ಎಣ್ಣಿ ಬಿಡ,” ಎಂದಳು. ನಾನು ನಡುನಡುವೆ ನಿಂತಾಗಲೆಲ್ಲ ಬಟ್ಟೆಯಲ್ಲಿ ಒಂದೊಂದು ಗೀರು ಮೂಡಿತು. ಅಂತೂ ಬಸ್ಸಿಗೆ ಮೊದಲು ಸೀರೆ ಮಗ್ಗದಿಂದ ಇಳಿಯಿತು.

ಜಮಖಂಡಿಯಲ್ಲಿ ಹುಡುಗಿ ಆ ಸೀರೆಯುಟ್ಟು ಕುಳಿತಾಗ ಶಕುಂತಲಾ ಕಣ್ಣೊರೆಸಿಕೊಂಡಳು. ನೇಯ್ಗೆ ಬಲ್ಲ ಹಿರಿಯಳೊಬ್ಬಳು ಮಾತ್ರ ಸೆರಗಿನ ತುದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಸೀರಿ ಬಂಗಾರದಂಗ ಐತವಾ. ಈ ತುದಿ ಯಾಕ ಹಿಂಗ ಗೀರು ಗೀರು?”

ಶಕುಂತಲಾ ನನ್ನತ್ತ ನೋಡಿ, ಮುಖ ಗಂಭೀರವಾಗಿಟ್ಟುಕೊಂಡು ಹೇಳಿದಳು:

“ಅಷ್ಟು ಸೋಲಾರ್‌ನಾಗ ನೇಯ್ದದ್ದರಿ.”

ತಪ್ಪು ಸುದ್ದಿ ಕಿವಿಗೆ ಬಿದ್ದರೂ ತಿದ್ದುಪಡಿ ಕೊಡದೆ, ತಲೆ ತಗ್ಗಿಸಿ ಹೋಳಿಗೆ ತಿಂದೆ.