ಅಕ್ಕನ ಕಾರೂ ನಾನು ಗೆದ್ದ ವಾದವೂ

ವಾದ ಗೆಲ್ಲುವುದೂ ಒಂದು ಚಟ. ಸಿಗರೇಟಿನ ಪ್ಯಾಕಿನ ಮೇಲಾದರೂ ಎಚ್ಚರಿಕೆ ಅಚ್ಚಾಗಿರುತ್ತದೆ. ಚರ್ಚಾಸ್ಪರ್ಧೆಯ ಕಪ್ಪಿನ ಮೇಲೆ ಏನೂ ಇರುವುದಿಲ್ಲ. ಕಾಲೇಜಿನಲ್ಲಿ ಚೀಟಿ ಎತ್ತಿಸಿ ಪರವೋ ವಿರೋಧವೋ ಎಂದು ಗೊತ್ತುಮಾಡುತ್ತಿದ್ದರು. ಯಾವುದು ಬಂದರೂ ಅದೇ ನನ್ನ ಹುಟ್ಟು ನಂಬಿಕೆ ಎಂಬಂತೆ ಮೇಜು ಗುದ್ದುತ್ತಿದ್ದೆ. ಈಗ ಚೀಟಿಯೂ ಬೇಕಿಲ್ಲ. ಎದುರಿನವರು ಬಾಯಿ ತೆರೆದರೆ ಸಾಕು, ವಿರೋಧ ಸಿದ್ಧ. ದರ್ಶಿನಿ ಹೋಟೆಲಿನವನು "ಇಡ್ಲಿ ಬಿಸಿ ಇದೆ ಮೇಡಂ" ಎಂದಾಗ "ಯಾವುದಕ್ಕೆ ಹೋಲಿಸಿದರೆ?" ಎಂದು ಶುರುಮಾಡಿ, ಕೊನೆಗೆ ತಣ್ಣಗಾದದ್ದನ್ನೇ ತಿಂದಿದ್ದೇನೆ.

ನನ್ನ ಕೆಲಸ ದೊಡ್ಡನೆಕ್ಕುಂದಿಯ ಒಂದು ಎಲೆಕ್ಟ್ರಿಕ್ ಕಾರು ಕಂಪನಿಯಲ್ಲಿ. ನಮ್ಮ ಕಾರು ಅರ್ಧಂಬರ್ಧ ತಾನೇ ಓಡುತ್ತದೆ. ಅದರ ಹೆಗ್ಗಳಿಕೆ ರಸ್ತೆಯ ಹಂಪ್ ಗುರುತಿಸುವುದು. ಬಿಳಿ ಪಟ್ಟೆಯಿಲ್ಲದೆ, ಬೋರ್ಡಿಲ್ಲದೆ, ಬೀದಿಯವರೇ ಸಿಮೆಂಟು ಸುರಿದು ಎಬ್ಬಿಸಿದ ಹಂಪನ್ನೂ ದೂರದಿಂದಲೇ ಕಂಡು ಮೆಲ್ಲಗಾಗುತ್ತದೆ. ಈ ವಿದ್ಯೆಯನ್ನು ಪ್ರತಿಸ್ಪರ್ಧಿ ಕಂಪನಿಗಳಿಗೂ ಬಿಟ್ಟಿಯಾಗಿ ಕೊಡಬೇಕೇ ಎಂದು ಮೀಟಿಂಗ್ ಕರೆದರು. ಸಹೋದ್ಯೋಗಿ ಇಮ್ರಾನ್ ಮೊದಲು ಎದ್ದ. "ಕೊಟ್ಬಿಡೋಣ ಸಾರ್. ಯಾವ ಕಾರಲ್ಲಿ ಕೂತ್ರೂ ಸೊಂಟ ಸೊಂಟಾನೇ ಅಲ್ವಾ?" ನನ್ನ ಮನಸ್ಸೂ ಹೌದೆಂದಿತು. ಆದರೆ ಅವನು ಮೊದಲು ಹೇಳಿಬಿಟ್ಟನಲ್ಲ! ಕಾಲು ತಾನಾಗಿ ಎದ್ದು ನಿಂತಿತು.

"ಅವ್ರ ಕಾರು ತಪ್ಪಿದ್ರೂ ಬೈಗುಳ ನಮಗೇ ಸಾರ್. ಬಿಟ್ಟಿ ಸಿಕ್ಕಿದ್ದನ್ನ ಯಾರು ನೆಟ್ಟಗೆ ಪರೀಕ್ಷೆ ಮಾಡಿ ಜೋಡಿಸ್ತಾರೆ? ಸೊಂಟದ ಚಿಂತೆ ಇರೋರು ನಮ್ಮ ಕಾರೇ ತಗೊಳ್ಲಿ!"

ನಗು, ಚಪ್ಪಾಳೆ. ಮುಖ್ಯಸ್ಥರಾದ ಮುರಳೀಧರ್ ಅಲ್ಲಿಗೇ ವಿಷಯ ಮುಗಿಸಿದರು. ಹೊರಗೆ ಬಂದು ಇಮ್ರಾನ್ ಕೇಳಿದ: "ಸಕ್ಕತ್ತಾಗಿ ಮಾತಾಡ್ದೆ ಗುರು. ಆದ್ರೆ ನೀನದನ್ನ ನಂಬ್ತೀಯಾ?" ಅಂಥ ಪ್ರಶ್ನೆಯನ್ನು ಯಾವ ತೀರ್ಪುಗಾರರೂ ನನ್ನನ್ನು ಕೇಳಿರಲಿಲ್ಲ.

ನಾನು ಕಾಡುಗೋಡಿಯಲ್ಲಿ ಅಕ್ಕ ವಿಜಯಾಳ ಜೊತೆ ಇದ್ದೇನೆ. ಅವಳು ತುಂಬು ಬಸುರಿ. ಬೆಳಿಗ್ಗೆ ತನ್ನ ಆಫೀಸಿಗೆ ಹೋಗುತ್ತಾ ನನ್ನನ್ನೂ ಇಳಿಸುತ್ತಾಳೆ. ಅವಳದು ಪ್ರತಿಸ್ಪರ್ಧಿ ಕಂಪನಿಯ ಕಾರು, ಅದೂ ಅರ್ಧಂಬರ್ಧ ತಾನೇ ಓಡುವಂಥದ್ದೇ. ಪಟ್ಟೆಯಿದ್ದರೆ ಮಾತ್ರ ಅದಕ್ಕೆ ಹಂಪ್ ಕಾಣುತ್ತದೆ. ಮೀಟಿಂಗಾದ ಮರುವಾರ ಸಂತೆ ಬೀದಿಯಲ್ಲಿ ಹೊಸ ಹಂಪೊಂದು ಎದ್ದಿತ್ತು. ಕಾರು ನೋಡಲೇ ಇಲ್ಲ, ಹಾರಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ಕಾರನ್ನು ಬದಿಗೆ ನಿಲ್ಲಿಸಿದಳು; ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಮಗು ಚೆನ್ನಾಗಿದೆ, ಆದರೆ ಇನ್ನೊಂದು ಸಲ ಹೀಗಾಗಕೂಡದು ಎಂದರು ಡಾಕ್ಟರು.

"ನಿಮ್ ಕಾರಾಗಿದ್ರೆ ನಿಧಾನ ಆಗ್ತಿತ್ತಲ್ವೇನೇ?" ಎಂದಳು ಅಕ್ಕ. ಕೊಂಕಿರಲಿಲ್ಲ, ಬರೀ ಕೇಳಿದಳು. ಮೀಟಿಂಗಿನ ಸಂಗತಿ ನಾನು ಅವಳಿಗೆ ಹೇಳಿರಲಿಲ್ಲ.

ಮರುದಿನವೇ ಮುರಳೀಧರ್ ಮುಂದೆ ನಿಂತೆ. "ಕೊಟ್ಬಿಡೋಣ ಸಾರ್."

"ಆಯ್ತಮ್ಮಾ. ಅವತ್ತು ನೀನೇ ಹೇಳಿದ್ಯಲ್ಲ, ಅದಕ್ಕೆ ಉತ್ತರ ಹೇಳು. ಮೇಲಿನವರಿಗೆ ನಿನ್ನ ಮಾತನ್ನೇ ಒಪ್ಪಿಸಿಬಿಟ್ಟಿದೀನಿ."

ಏನು ಹೇಳಹೊರಟರೂ ನನ್ನದೇ ಹಳೆಯ ಮಾತು ಅಡ್ಡ ನಿಂತು ನನ್ನನ್ನು ಕೆಡವಿತು. ಉಳಿದದ್ದು ಇಮ್ರಾನನ ಸೊಂಟದ ಮಾತೊಂದೇ. ಅದನ್ನು ನಾನೇ ನಗೆಪಾಟಲು ಮಾಡಿದ್ದೆ.

ಅಕ್ಕ ಕಾರು ಓಡಿಸುವುದನ್ನು ನಿಲ್ಲಿಸಲೊಲ್ಲಳು. ಹಾಗಾಗಿ ಈಗ ಎಡಗಡೆ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ "ಅಕ್ಕಾ, ಹಂಪ್!" ಎಂದು ಕೂಗುತ್ತೇನೆ. ಪ್ರತಿಸ್ಪರ್ಧಿಗೆ ಕೊಡಕೂಡದೆಂದು ನಾನು ವಾದ ಗೆದ್ದ ವಿದ್ಯೆ, ಪ್ರತಿಸ್ಪರ್ಧಿಯ ಕಾರಿನಲ್ಲೇ, ದಿನವೂ ಬಿಟ್ಟಿ. ನಿನ್ನೆ ಅಕ್ಕನೇ ಮೊದಲು ಅಂದಳು: "ಮುಂದೆ ಹಂಪಿದೆ ಅನ್ಸತ್ತೆ ಕಣೇ."

"ಇಲ್ಲ" ಎಂದುಬಿಟ್ಟೆ, ರಸ್ತೆ ನೋಡುವ ಮೊದಲೇ.

ಪುಣ್ಯಕ್ಕೆ ಅಕ್ಕ ನನ್ನನ್ನು ಬಾಲ್ಯದಿಂದ ಬಲ್ಲವಳು. ಬ್ರೇಕ್ ಒತ್ತಿದಳು.