ಕೋಳಿ ಹೊಟ್ಟೆಗೆ ಹೆಪ್ಪು

ಯಾವ ಮಾತಿಗೂ ಒಂದು ಎಕ್ಸಾಂಪಲ್ ಅಂಟಿಸದೆ ನನಗೆ ಬಾಯಿ ಮುಚ್ಚಲು ಬರುವುದಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ ಚಟ. ಮದುವೆಯಾಗಿ ಸಂತೆಬಾಚಹಳ್ಳಿ ಕಡೆಯ ಈ ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಎಲ್ಲವನ್ನೂ ಕೇಳಿ, "ಕರೆಕ್ಟ್" ಅನ್ನುತ್ತಿದ್ದರು. ಅರ್ಧಕ್ಕರ್ಧ ನಿದ್ದೆಯಲ್ಲೇ ಅಂದಿರಬೇಕು. ಆದರೂ ಆ "ಕರೆಕ್ಟ್" ಅನ್ನು ಅವರು ಹೋದ ಮೇಲೆ ಬಹಳ ಮಿಸ್ ಮಾಡುತ್ತೇನೆ. ಸಿಕ್ಕವರನ್ನು ಹಿಡಿದು ಕೂರಿಸುತ್ತೇನೆ.

ನನ್ನ ವಾರಗಿತ್ತಿ ಜಯಮ್ಮ ಬ್ರಾಯ್ಲರ್ ಕೋಳಿ ಸಾಕುತ್ತಾಳೆ. ಕಾಯಿಲೆ ಇರಲಿ ಬಿಡಲಿ, ಮರಿ ಬಂದ ದಿನದಿಂದಲೇ ನೀರಿಗೆ ಆಂಟಿಬಯೋಟಿಕ್ ಬೆರೆಸುವುದು ಅವಳ ಶೆಡ್ಡಿನ ರೂಢಿ. ನಾನು ಲೆಕ್ಚರ್ ಶುರು ಮಾಡಿದೆ. ಹೀಗೆ ಸುಮ್ಮಸುಮ್ಮನೆ ಕೊಟ್ಟರೆ ರೋಗಾಣುಗಳು ಔಷಧಕ್ಕೆ ಬಗ್ಗುವುದಿಲ್ಲ, ನಾಳೆ ನಾವು ಕಾಯಿಲೆ ಬಿದ್ದರೆ ನಮಗೂ ಮಾತ್ರೆ ನಾಟುವುದಿಲ್ಲ. ಬದಲಿಗೆ ಪ್ರೋಬಯೋಟಿಕ್ ಕೊಡು.

"ಅಂಗಂದ್ರೇನಕ್ಕ?"

ನಾಲಿಗೆ ಸುಮ್ಮನಿರಬೇಕಲ್ಲ! "ಹೆಪ್ಪು ಇದ್ದ ಹಾಗೆ ಕಣೆ. ಕೋಳಿ ಹೊಟ್ಟೆಗೆ ಹಾಕೋ ಹೆಪ್ಪು. ಒಳ್ಳೇ ಬ್ಯಾಕ್ಟೀರಿಯಾ ಮೊದಲೇ ಸೇರ್ಕೊಂಡು ಕೆಟ್ಟವಕ್ಕೆ ಜಾಗ ಬಿಡೋದಿಲ್ಲ."

"ಹೆಪ್ಪಾ! ಅಷ್ಟೇಯಾ? ಆಯ್ತು, ಈ ಬ್ಯಾಚು ನಿಮ್ಮ ಮಾತಿನ ಮ್ಯಾಲೆ ಬುಡ್ತೀನಿ. ಮರಿ ಸತ್ವೋ, ಆಮೇಲೆ ಶೆಡ್ಡಿನ ಕಡೆ ತಲೆ ಹಾಕ್ಬ್ಯಾಡಿ."

ಶೆಡ್ಡು ಹೋದರೆ ನನಗೆ ಇನ್ಯಾವ ಆಡಿಯನ್ಸ್? ಧೈರ್ಯ ಮಾಡಿ ಒಪ್ಪಿಕೊಂಡೆ. ಪಶು ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಪ್ರೋಬಯೋಟಿಕ್ ಪುಡಿಯ ಪಾಕೀಟುಗಳು ಕೆ.ಆರ್. ಪೇಟೆಯಿಂದ ಬಂದವು. ಮರಿಗಳು ಚೆನ್ನಾಗಿಯೇ ಇದ್ದವು. ಒಂದು ಬೆಳಿಗ್ಗೆ ನೋಡಿದರೆ ಹತ್ತಾರು ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿವೆ, ಹಿಕ್ಕೆ ನೀರಾಗಿದೆ. ನನ್ನ ಪ್ರಿನ್ಸಿಪಲ್ಸ್ ಎಲ್ಲ ಕಿತ್ತುಕೊಂಡು ಓಡಿದವು.

"ಜಯಾ, ಆ ಆಂಟಿಬಯೋಟಿಕ್ ಎಲ್ಲಿಟ್ಟಿದ್ದೀಯೆ? ಒಂದೇ ಒಂದು ಡೋಸ್ ಹಾಕ್ಬಿಡೋಣ!"

ಜಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೋಡ್ರಪ್ಪಾ, ಮೇಡಮ್ಮೋರು ಪಾರ್ಟಿ ಬದಲಾಯಿಸ್ಬುಟ್ರು! ತಡೀರಿ, ಡಾಕ್ಟ್ರು ಬರ್ಲಿ."

ಡಾಕ್ಟರು ಬಂದು ಮರಿಗಳನ್ನು ಹಿಡಿದು ನೋಡಿದರು, ನೆಲಕ್ಕೆ ಹರವಿದ್ದ ಭತ್ತದ ಹೊಟ್ಟನ್ನು ಕೆದಕಿದರು. ಪುಡಿ ಹಾಕುತ್ತಿದ್ದೀರಾ ಎಂದು ಕೇಳಿದರು.

"ತಪ್ಪಿಸೇ ಇಲ್ಲ ಸಾ. ಮೊದಲ್ನೇ ಪಾಕೀಟೇ ಇನ್ನೂ ನಡೀತಾ ಐತೆ."

"ಅದು ಹೇಗಮ್ಮಾ?"

"ಹೆಪ್ಪಲ್ವಾ ಸಾ? ಪುಡಿ ಕದಡಿದ ನೀರಲ್ಲಿ ಒಂದ್ ಚೊಂಬು ಎತ್ತಿಟ್ಕೊಂಡು ನಾಳೆ ನೀರಿಗೆ ಬುಡೋದು. ದಿನಾ ಅಂಗಡಿಯಿಂದ ಹೆಪ್ಪು ತರೋಳು ಸಂಸಾರ ಮಾಡ್ತಾಳಾ?"

"ಇದು ಹೆಪ್ಪು ಅಂತ ನಿಮಗೆ ಹೇಳಿದ್ಯಾರು?"

ನಾನು ಭತ್ತದ ಹೊಟ್ಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಆಂಟಿಬಯೋಟಿಕ್ ಬೇಕಿಲ್ಲ, ಒದ್ದೆ ಹೊಟ್ಟು ತೆಗೆದು ಒಣದು ಹರವಿ, ದಿನವೂ ಹೊಸ ಪುಡಿ ಕದಡಿ ಎಂದು ಹೇಳಿ ಡಾಕ್ಟರು ಹೋದರು. ಮರಿಗಳು ಚೇತರಿಸಿಕೊಂಡವು. ಗೆದ್ದದ್ದು ಪುಡಿಯೋ ಒಣ ಹೊಟ್ಟೋ ನಾನರಿಯೆ, ನಾನಂತೂ ಅಲ್ಲ. ಜಯಮ್ಮ ಮುಂದಿನ ಬ್ಯಾಚಿಗೂ ಪ್ರೋಬಯೋಟಿಕ್ಕನ್ನೇ ತರಿಸಿದಳು. ನನಗೂ ಶೆಡ್ಡಿನ ಬಾಗಿಲು ಮುಚ್ಚಲಿಲ್ಲ, ಕುರ್ಚಿಯನ್ನೇ ಹಾಕಿಸಿದಳು.

ಮೊನ್ನೆ ಹೊಸ ಮರಿಗಳಿಗೆ ಲಸಿಕೆ. "ನೋಡು ಜಯಾ, ವ್ಯಾಕ್ಸೀನ್ ಅಂದ್ರೆ..." ಎಂದು ಬಾಯಿ ತೆರೆದೆ.

"ಮೊದ್ಲು ಕಾಪಿ ಕುಡೀರಕ್ಕ," ಎಂದು ದೊಡ್ಡ ಲೋಟ ಕೈಗಿಟ್ಟಳು.

ಕುದಿಕುದಿ ಕಾಫಿ. ನಾನು ಊದಿ ಊದಿ ಆರಿಸಿ ಕುಡಿದು ಮುಗಿಸುವಷ್ಟರಲ್ಲಿ ಮರಿಗಳಿಗೆಲ್ಲ ಲಸಿಕೆ ಮುಗಿದಿತ್ತು.